ಹಳ್ಳ ಉಳಿದರೆ ಮೂಳೆ ಉಳಿದೀತು

ಮಂಡಿ ನೋವು, ಬೆನ್ನು ನೋವು ಎಂದು ಬರುವವರಿಗೆ ಔಷಧಿ ಬರೆಯುವ ಮೊದಲು ನಾನು ಮೂರು ಕೆಲಸ ಮಾಡಿಸುತ್ತೇನೆ. ಮಂಡಿ ಬಗ್ಗಿಸದೆ ಕಾಲಿನ ಹೆಬ್ಬೆರಳು ಮುಟ್ಟಿ ಎನ್ನುತ್ತೇನೆ. ಗದ್ದವನ್ನು ಎದೆಗೆ ತಾಗಿಸಿ ಎನ್ನುತ್ತೇನೆ. ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು ಕಟ್ಟಿ ಎನ್ನುತ್ತೇನೆ. ಈ ಮೂರರಲ್ಲಿ ಒಂದೂ ಸಲೀಸಾಗಿ ಆಗದಿದ್ದರೆ ನನ್ನ ಮುಂದಿನ ಪ್ರಶ್ನೆ: ‘ನಿಮ್ಮದು ಯಾವ ಊರು? ಕುಡಿಯುವುದು ಯಾವ ನೀರು?’

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬರುವ ಹಿರಿಯರ ಉತ್ತರ ಹೆಚ್ಚುಕಡಿಮೆ ಒಂದೇ. ‘ಈಗ ಬೋರ್ ನೀರು ಡಾಕ್ಟ್ರೇ. ಮೊದಲೆಲ್ಲ ಹಳ್ಳದ ಮರಳಲ್ಲಿ ಚಿಲುಮೆ ತೋಡಿ ಕುಡೀತಿದ್ವಿ.’ ಈ ಎರಡು ವಾಕ್ಯಗಳ ನಡುವೆ ನಮ್ಮ ಜಿಲ್ಲೆಯ ಅರ್ಧ ಆರೋಗ್ಯದ ಕಥೆ ಇದೆ.

ನಮ್ಮ ಮಸೀದಿಗಳಲ್ಲಿ ಕುರ್ಚಿಗಳ ಸಾಲು ಬೆಳೆಯುತ್ತಿರುವುದನ್ನು ನೀವೂ ಗಮನಿಸಿರಬಹುದು. ರುಕೂಅ್‌ಗೆ ಬಗ್ಗಲಾಗದವರು, ಸುಜೂದ್‌ಗೆ ಹೋಗಿ ಮತ್ತೆ ಏಳಲಾಗದವರು ಈಗ ಬರೀ ಎಪ್ಪತ್ತು ದಾಟಿದವರಲ್ಲ. ಎಲ್ಲ ಮಂಡಿ ನೋವಿಗೂ ನೀರೇ ಕಾರಣವಲ್ಲ. ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಸವೆತ ಎಲ್ಲವೂ ಇವೆ. ಆದರೆ ಚಿತ್ರದುರ್ಗದಂತಹ ಜಿಲ್ಲೆಯಲ್ಲಿ ನೀರನ್ನು ಕೇಳದೆ ಮಂಡಿಗೆ ಎಣ್ಣೆ ಬರೆದುಕೊಟ್ಟರೆ ಅದು ಅರ್ಧ ಚಿಕಿತ್ಸೆ.

ಹಳ್ಳಕ್ಕೂ ಮೂಳೆಗೂ ಏನು ಸಂಬಂಧ?

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಿಮೆ. ವರ್ಷದ ಸರಾಸರಿ 600 ಮಿಲಿಮೀಟರ್ ಆಸುಪಾಸು. ಭೂಮಿಯ ಅಡಿಯಲ್ಲಿರುವುದು ಬಹುಪಾಲು ಗಟ್ಟಿ ಕಲ್ಲು. ಈ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಕಲ್ಲಿನ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದರೊಳಗೆ ಫ್ಲೋರೈಡ್ ಕರಗುತ್ತಾ ಹೋಗುತ್ತದೆ.

ಹಳ್ಳ ಹರಿದು, ಕೆರೆ ತುಂಬಿ, ಹೊಸ ಮಳೆನೀರು ನೆಲಕ್ಕೆ ಇಳಿಯುತ್ತಿದ್ದಾಗ ಜನ ಕುಡಿಯುತ್ತಿದ್ದದ್ದು ಮೇಲ್ಪದರದ ನೀರು. ಬಾವಿ ಮೂವತ್ತು ನಲವತ್ತು ಅಡಿ, ಚಿಲುಮೆ ಮೊಳಕಾಲುದ್ದ. ಹಳ್ಳದ ಮರಳು ಎತ್ತಿದರೆ, ಕೆರೆಗೆ ಹೂಳು ತುಂಬಿದರೆ, ಕಾಲುವೆಯ ಮೇಲೆ ನಿವೇಶನ ಎದ್ದರೆ ಆ ಮೇಲ್ಪದರ ಬತ್ತುತ್ತದೆ. ಆಗ ಬೋರ್ ಆಳಕ್ಕೆ ಹೋಗುತ್ತದೆ. ಮುನ್ನೂರು ಅಡಿ, ಆರುನೂರು ಅಡಿ, ಸಾವಿರ ಅಡಿ. ಅಲ್ಲಿಂದ ಬರುವುದು ಕಲ್ಲಿನೊಳಗೆ ಬಹುಕಾಲ ಕುಳಿತಿದ್ದ ನೀರು. ನೋಡಲು ತಿಳಿ, ರುಚಿಯಲ್ಲಿ ವ್ಯತ್ಯಾಸವೇ ಗೊತ್ತಾಗದು. ಅದರಲ್ಲಿರುವುದು ಹಲ್ಲಿಗೂ ಮೂಳೆಗೂ ಸೇರಿಕೊಳ್ಳುವ ಫ್ಲೋರೈಡ್.

ಹೀಗೆ ಬೆಟ್ಟದ ಬುಡದ ಒಂದು ಹಳ್ಳವನ್ನು ಯಾರೋ ಮುಚ್ಚಿದರೆ, ಹತ್ತು ವರ್ಷದ ಬಳಿಕ ಇನ್ನೊಂದು ಊರಿನ ಮಗುವಿನ ಹಲ್ಲಿನ ಮೇಲೆ ಅದರ ಗುರುತು ಮೂಡುತ್ತದೆ. ಆದ್ದರಿಂದಲೇ ಆರೋಗ್ಯದ ಪುಟದಲ್ಲಿ ನಾನು ಹಳ್ಳದ ಬಗ್ಗೆ ಬರೆಯುತ್ತಿದ್ದೇನೆ.

ಭಾರತೀಯ ಮಾನಕ ಬ್ಯೂರೊ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕೆಡುತ್ತದೆ. ಸುಮಾರು ಎಂಟು ವರ್ಷದೊಳಗೆ, ಒಸಡಿನ ಒಳಗೆ ಹಲ್ಲಿನ ಹೊಳಪು ಪದರ ರೂಪುಗೊಳ್ಳುವಾಗಲೇ ಆಗುವ ಕೇಡು ಅದು. ಸುಣ್ಣದಂತಹ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ. ಮಿಸ್ವಾಕ್‌ನಿಂದಲೂ ಪೇಸ್ಟ್‌ನಿಂದಲೂ ಅದು ಹೋಗುವುದಿಲ್ಲ. ದೊಡ್ಡವರಲ್ಲಿ ಕತ್ತು, ಬೆನ್ನು, ಮಂಡಿಗಳ ಬಿಗಿತ. ತೀರಾ ಮುಂದುವರಿದರೆ ಬೆನ್ನು ಬಾಗಿ ನಿಲ್ಲುತ್ತದೆ.

ಒಂದು ಮಾತನ್ನು ಯುನಾನಿ ವೈದ್ಯನಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೂಳೆಯಲ್ಲಿ ಕೂತ ಫ್ಲೋರೈಡನ್ನು ಹೊರಗೆಳೆಯುವ ಮಾಜೂನ್ ಆಗಲಿ ಸಫೂಫ್ ಆಗಲಿ ನಮ್ಮಲ್ಲಿ ಇಲ್ಲ. ಸುರಂಜಾನ್ ನೋವನ್ನು ತಗ್ಗಿಸೀತು, ಎಣ್ಣೆಯ ಮಾಲೀಶು ಬಿಗಿತ ಸಡಿಲಿಸೀತು. ಆದರೆ ಮೂಲ ಚಿಕಿತ್ಸೆ ಒಂದೇ, ನೀರು ಬದಲಾಯಿಸುವುದು. ಯಾವ ಪದ್ಧತಿಯ ವೈದ್ಯರನ್ನು ಕೇಳಿದರೂ ಉತ್ತರ ಇದೇ.

ನಮ್ಮ ಹಕೀಮರು ನೀರನ್ನು ಹೇಗೆ ನೋಡಿದರು

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ಅವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಮೊದಲನೆಯದು ಸುತ್ತಲಿನ ಗಾಳಿ, ಎರಡನೆಯದು ತಿನ್ನುವ ಕುಡಿಯುವ ವಸ್ತು. ಔಷಧಿ ಈ ಆರರಲ್ಲಿ ಸೇರಿಲ್ಲ. ಬುಖ್ರಾತ್ ಎಂದು ನಾವು ಕರೆಯುವ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸ್‌ನ ಹೆಸರಿನಲ್ಲಿ ಗಾಳಿ, ನೀರು, ಸ್ಥಳಗಳ ಬಗ್ಗೆಯೇ ಒಂದು ಗ್ರಂಥವಿದೆ. ಹೊಸ ಊರಿಗೆ ಹೋದ ವೈದ್ಯ ಮೊದಲು ಅಲ್ಲಿನ ನೀರನ್ನು ವಿಚಾರಿಸಬೇಕು ಎಂಬುದು ಅದರ ಪಾಠ.

ಇಬ್ನು ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ನೀರಿಗೆ ದರ್ಜೆ ಕೊಟ್ಟಿದ್ದಾರೆ. ಶುದ್ಧ ಮಣ್ಣಿನ ಮೇಲೆ, ಬಿಸಿಲು ಗಾಳಿಗೆ ತೆರೆದುಕೊಂಡು ಹರಿಯುವ ಚಿಲುಮೆಯ ನೀರಿಗೆ ಮೇಲಿನ ಸ್ಥಾನ. ಎರಡು ನೀರುಗಳನ್ನು ಹೋಲಿಸಲು ಅವರು ಹೇಳಿದ ಪರೀಕ್ಷೆ ಸೊಗಸಾಗಿದೆ. ಒಂದೇ ತೂಕದ ಎರಡು ಬಟ್ಟೆಯ ತುಂಡುಗಳನ್ನು ಎರಡು ನೀರಿನಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ, ಮತ್ತೆ ತೂಗಬೇಕು. ಹಗುರಾದ ಬಟ್ಟೆಯ ನೀರೇ ಉತ್ತಮ. ಕರಗಿದ ಲವಣ ಬಟ್ಟೆಯಲ್ಲಿ ಉಳಿಯುತ್ತದೆ ಎಂಬ ತಿಳಿವಳಿಕೆ ಸಾವಿರ ವರ್ಷದ ಹಿಂದೆಯೇ ಇತ್ತು. ಇಂದು ನಮಗೆ ಪ್ರಯೋಗಾಲಯವಿದೆ. ಆದರೆ ನೀರನ್ನು ಪರೀಕ್ಷೆ ಮಾಡಿಸಬೇಕೆಂಬ ಅಭ್ಯಾಸ ಮಾತ್ರ ಹೋಗಿದೆ.

ಶರೀಅತ್ ಕೂಡ ನೀರಿನ ಮೂಲಕ್ಕೆ ಬೇಲಿ ಹಾಕಿದೆ. ಬಾವಿ, ಕಾಲುವೆಗಳ ಸುತ್ತ ಯಾರೂ ಕಟ್ಟಬಾರದ, ಅಗೆಯಬಾರದ ಜಾಗವನ್ನು ಫಿಕ್ಹ್ ಪಂಡಿತರು ಹರೀಮ್ ಎಂದು ಕರೆದರು. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದಾರೆ. ಜನ ನೀರಿಗೆ ಬರುವ ಜಾಗವನ್ನು ಹೊಲಸು ಮಾಡುವುದನ್ನು ಅವರು ಶಾಪ ತರುವ ಕೆಲಸಗಳ ಸಾಲಿಗೆ ಸೇರಿಸಿದರೆಂದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಬೋಧನೆಯೂ ಅಲ್ಲಿಯೇ ಇದೆ. ಮದೀನಾದಲ್ಲಿ ಹಣ ಕೊಟ್ಟು ನೀರು ಕೊಳ್ಳಬೇಕಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಬಾವಿ ತೋಡಿಸುವುದನ್ನು ನಾವು ಸದಕಃ ಜಾರಿಯಃ ಎಂದು ನಂಬುತ್ತೇವೆ. ಇರುವ ನೀರಿನ ಮೂಲವನ್ನು ಕೆಡದಂತೆ ಕಾಯುವುದು ಅದಕ್ಕಿಂತ ಕಡಿಮೆಯ ಕೆಲಸ ಎಂದು ನನಗೆ ಅನಿಸುವುದಿಲ್ಲ.

ವೇದಾವತಿಯ ಮಕ್ಕಳು

ಈಗ ನಮ್ಮ ನೀರಿನ ನಕ್ಷೆ ನೋಡೋಣ. ಬಾಬಾಬುಡನ್‌ಗಿರಿಯ ಕಡೆಯಿಂದ ವೇದಾ, ಅವತಿ ಎಂಬ ಎರಡು ಹೊಳೆಗಳು ಇಳಿದು ಕಡೂರಿನ ಬಳಿ ಸೇರಿ ವೇದಾವತಿ ಆಗುತ್ತದೆ. ಹೊಸದುರ್ಗ ತಾಲ್ಲೂಕನ್ನು ಹಾದು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಅದು ವಾಣಿವಿಲಾಸ ಸಾಗರಕ್ಕೆ ಸೇರುತ್ತದೆ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಈ ಜಲಾಶಯದ ಸಾಮರ್ಥ್ಯ 30 ಟಿಎಂಸಿ. 1933ರಲ್ಲಿ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಆ ಭಾಗ್ಯ ಬಂದದ್ದು 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ಕುಡಿಯುವ ನೀರು ಇದನ್ನು ನೆಚ್ಚಿಕೊಂಡಿದೆ.

ಆ ನೀರು ತಾನಾಗಿಯೇ ಬಂದದ್ದಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಒಳ್ಳೆಯ ಮಳೆಯ ಜೊತೆಗೆ ಭದ್ರಾ ನೀರು ವೇದಾವತಿಗೆ ಹರಿದು ಬಂದದ್ದೂ ಅದಕ್ಕೆ ಕಾರಣ. ಭದ್ರಾ ಮೇಲ್ದಂಡೆ ಯೋಜನೆಗಾಗಿ, ವಾಣಿವಿಲಾಸಕ್ಕೆ ನೀರಿಗಾಗಿ ಈ ಜಿಲ್ಲೆಯ ರೈತರು, ವ್ಯಾಪಾರಿಗಳು, ಮಠಾಧೀಶರು, ಕನ್ನಡ ಸಂಘಟನೆಯವರು ದಶಕಗಳ ಕಾಲ ಧರಣಿ ಕೂತಿದ್ದಾರೆ, ಬಂದ್ ಮಾಡಿದ್ದಾರೆ, ಪಾದಯಾತ್ರೆ ನಡೆಸಿದ್ದಾರೆ.

ಇನ್ನೊಂದು ಕಡೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ. ಅಲ್ಲಿಂದ ಕೊಳವೆಯಲ್ಲಿ ಚಿತ್ರದುರ್ಗಕ್ಕೂ ಹೊಳಲ್ಕೆರೆ ಕಡೆಗೂ ಕುಡಿಯುವ ನೀರು ಬರುತ್ತದೆ. ಆ ಕೆರೆಯನ್ನು ಸರ್ವೆ ಮಾಡಿಸಿ ಗಡಿ ಗುರುತಿಸಬೇಕು, ಒತ್ತುವರಿ ತೆರವು ಮಾಡಬೇಕು, ಹೂಳು ಎತ್ತಬೇಕು ಎಂದು ‘ಖಡ್ಗ’ ಎಂಬ ಸಂಘಟನೆಯ ಯುವಕರು ಊರೂರು ತಿರುಗಿ ಹೋರಾಡಿದ್ದಾರೆ. ನಾವು ನಲ್ಲಿ ತಿರುಗಿಸಿದಾಗ ಬರುವ ನೀರಿನ ಹಿಂದೆ ನಾವು ಮುಖವನ್ನೂ ಕಾಣದ ಆ ಮಕ್ಕಳ ಓಡಾಟ ಇದೆ.

ಚಿತ್ರದುರ್ಗದ ಕೋಟೆಗೆ ಹೋದವರು ಇನ್ನೊಂದನ್ನೂ ಕಣ್ಣಾರೆ ನೋಡಬಹುದು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಒಂದರ ಕೋಡಿ ಇನ್ನೊಂದರ ಒಳಹರಿವು. ಪಾಳೆಯಗಾರರ ಕಾಲದವರು ಬೆಟ್ಟದ ಮಳೆನೀರಿನ ದಾರಿಯನ್ನು ಬಿಟ್ಟು ಊರು ಕಟ್ಟಿದರು. ನಾವು ಊರು ಕಟ್ಟುತ್ತಾ ನೀರಿನ ದಾರಿಯನ್ನೇ ಕಟ್ಟಿಹಾಕಿದೆವು.

ಕೆಂಪು ನೀರಿನ ಬಾಟಲಿ

ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ. ಗುಡ್ಡದ ಮೇಲೆ ಸಡಿಲಾದ ಮಣ್ಣು ಮಳೆಗೆ ಕೊಚ್ಚಿ ಹಳ್ಳಕ್ಕಿಳಿದರೆ ನೀರು ಕೆಂಪಾಗುತ್ತದೆ. ಆ ಹೂಳು ಕೆರೆಯಲ್ಲಿ ಕೂರುತ್ತದೆ, ಕೆರೆಯ ಹೊಟ್ಟೆ ಕಿರಿದಾಗುತ್ತದೆ, ಸುತ್ತಲಿನ ಬಾವಿಗೆ ಇಂಗುವ ನೀರು ಕಡಿಮೆಯಾಗುತ್ತದೆ. ಕದಡಿದ ನೀರಿನಲ್ಲಿ ಕ್ಲೋರಿನ್ ಕೂಡ ಸರಿಯಾಗಿ ಕೆಲಸ ಮಾಡದು. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಉಳಿದುಕೊಳ್ಳುತ್ತದೆ.

ಅಕ್ರಮ ಗಣಿಗಾರಿಕೆಯ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎಸ್.ಆರ್. ಹಿರೇಮಠರ ಈ ಸಂಸ್ಥೆ 1980ರ ದಶಕದಲ್ಲಿಯೇ ಹರಿಹರದ ಬಳಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಜನರನ್ನು ಎಬ್ಬಿಸಿತ್ತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಕೋರ್ಟ್ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನ ಬಳಿಕ ಗಣಿಗಳು ಮತ್ತೆ ತೆರೆದದ್ದು ಷರತ್ತಿನೊಡನೆ. ಹಾಳಾದ ಜಾಗ ಸರಿಪಡಿಸುವ ಯೋಜನೆ ಪಾಲಿಸಬೇಕು, ಹೂಳು ಹಳ್ಳಕ್ಕೆ ಇಳಿಯದಂತೆ ತಡೆಗೋಡೆ, ಚೆಕ್‌ಡ್ಯಾಂ, ಕಾಲುವೆ ಮಾಡಬೇಕು, ಜಿಲ್ಲೆವಾರು ಮಿತಿ ಮೀರಿ ಅದಿರು ತೆಗೆಯಬಾರದು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 70 ಲಕ್ಷ ಟನ್ ಇದ್ದ ಮಿತಿಯನ್ನು 2022ರ ಆಗಸ್ಟ್‌ನಲ್ಲಿ 150 ಲಕ್ಷ ಟನ್‌ಗೆ ಏರಿಸಲಾಗಿದೆ. ಅದಿರು ಹೆಚ್ಚು ತೆಗೆದಷ್ಟೂ ಹಳ್ಳದ ಕಾವಲೂ ಹೆಚ್ಚಬೇಕು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ಹಿರಿಯ ರೈತರೊಬ್ಬರು ಕ್ಲಿನಿಕ್ಕಿಗೆ ಬಂದರು. ಹಳೆಯ ರೋಗಿ. ಔಷಧಿಯ ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಇಟ್ಟಿಗೆ ಬಣ್ಣದ ನೀರು. ‘ಇದು ನಮ್ಮ ಹಳ್ಳದ್ದು. ಮುಂದಿನ ವಾರ ಸಾರ್ವಜನಿಕ ಅಹವಾಲು ಸಭೆ ಇದೆ. ನಾವು ದನ, ಅಡಿಕೆ ತೋಟದ ವಿಷಯ ಹೇಳ್ತೀವಿ. ನಮ್ಮೂರಿಂದ ನಿಮ್ಮ ಹತ್ರ ಎಂಥ ಕಾಯಿಲೆಯವರು ಬರ್ತಾರೆ ಅನ್ನೋದನ್ನ ನೀವು ಬಂದು ಹೇಳಿ’ ಎಂದರು.

ನಾನು ಹೋಗಲಿಲ್ಲ. ಅಂದು ರೋಗಿಗಳು ಹೆಚ್ಚು ಎಂದೆ. ನಿಜ ಹೇಳಬೇಕೆಂದರೆ ಹಿಂಜರಿದೆ. ನಮಗೇಕೆ ಈ ಗಲಾಟೆ, ನಮ್ಮ ಸಮುದಾಯದವರು ಮುಂದೆ ನಿಂತರೆ ಬೇರೆ ಅರ್ಥ ಬಂದೀತು, ಯಾರದ್ದೋ ಕಣ್ಣಿಗೆ ಬೀಳುವುದೇಕೆ ಎಂಬ ಲೆಕ್ಕಾಚಾರ. ಎರಡು ತಿಂಗಳ ಬಳಿಕ ಅವರು ಮಂಡಿಯ ಔಷಧಿಗೆ ಬಂದಾಗ ಸಭೆಯ ನಡಾವಳಿಯ ಜೆರಾಕ್ಸ್ ತಂದಿದ್ದರು. ಧೂಳು, ರಸ್ತೆ, ಲಾರಿ, ಉದ್ಯೋಗ ಎಲ್ಲದರ ಬಗ್ಗೆ ಜನ ಮಾತಾಡಿದ್ದು ಅದರಲ್ಲಿತ್ತು. ಕುಡಿಯುವ ನೀರಿಗೂ ಕಾಯಿಲೆಗೂ ಸಂಬಂಧಿಸಿದ ಒಂದು ಸಾಲೂ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಹಾಗಾಗಿ ದಾಖಲಾಗಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಔಷಧಿ ತೆಗೆದುಕೊಂಡು, ಸಲಾಂ ಹೇಳಿ ಹೋದರು.

ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಭೇದಿ, ಕಾಮಾಲೆ, ಟೈಫಾಯಿಡ್, ಹಲ್ಲಿನ ಮಚ್ಚೆ, ಬಿಗಿದ ಬೆನ್ನು. ರೋಗಿಯ ಹೆಸರಿಲ್ಲ. ಊರು, ನೀರಿನ ಮೂಲ, ದಿನಾಂಕ ಮಾತ್ರ. ಮುಂದೆ ಯಾರಾದರೂ ಬಾಟಲಿ ಹಿಡಿದು ಬಂದರೆ ನಾನು ಬರಿಗೈಯಲ್ಲಿ ಇರಬಾರದು ಎಂದು.

ನಗರದ ಪಾಠ

ಹಳ್ಳ, ಗುಡ್ಡ ಎಂದರೆ ಹಳ್ಳಿಯವರ ಚಿಂತೆ ಎಂದು ಪೇಟೆಯವರು ತಿಳಿಯಬಾರದು. 2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣ ಕಳೆದುಕೊಂಡರು. ಅದು ಜಿಲ್ಲಾ ಕೇಂದ್ರ. ಕೊಳವೆಯ ನೀರು, ಪೇಟೆಯ ನೀರು ಎಂಬ ಧೈರ್ಯ ಒಂದೇ ರಾತ್ರಿಯಲ್ಲಿ ಹೋಯಿತು.

ನೆರೆಯ ಹೈದರಾಬಾದಿನ ಒಂದು ಉದಾಹರಣೆ ನಮಗೆ ದಾರಿ ತೋರುತ್ತದೆ. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ನಗರ ನಲುಗಿದ ಮೇಲೆ ನಿಜಾಮರ ಆಡಳಿತ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯ ಕಟ್ಟಿತು. ಮುಂದೆ ಅವು ನಗರದ ಕುಡಿಯುವ ನೀರಾದವು. 1996ರಲ್ಲಿ ಸರಕಾರ ಅವುಗಳ ಸುತ್ತ 10 ಕಿಲೋಮೀಟರ್ ಒಳಗೆ ಮಾಲಿನ್ಯದ ಕೈಗಾರಿಕೆ ಬೇಡ ಎಂದು ಆದೇಶಿಸಿತು. ಆ ಮಿತಿಯೊಳಗೆ ಒಂದು ಎಣ್ಣೆ ಕಾರ್ಖಾನೆ ಬರಹೊರಟಾಗ ನಾಗರಿಕರ ಸಂಘವೊಂದು ಎದ್ದು ನಿಂತಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1999 ಮತ್ತು 2000ದ ತೀರ್ಪುಗಳಲ್ಲಿ ಕೋರ್ಟ್ ನೀರಿನ ಪರ ನಿಂತಿತು. ಅಪಾಯವಿಲ್ಲ ಎಂದು ಸಾಬೀತು ಮಾಡುವ ಹೊಣೆ ಕಾರ್ಖಾನೆ ಕಟ್ಟುವವರದ್ದೇ, ಕುಡಿಯುವವರದ್ದಲ್ಲ ಎಂಬುದು ಅದರ ಸಾರ. ಆದರೆ 2022ರಲ್ಲಿ ತೆಲಂಗಾಣ ಸರಕಾರ ಆ ಹಳೆಯ ಆದೇಶದ ನಿರ್ಬಂಧವನ್ನೇ ತೆಗೆದುಹಾಕಿತು. ಗೆದ್ದ ಮೇಲೂ ಕಾವಲು ಬಿಡುವಂತಿಲ್ಲ ಎಂಬುದು ಇದರ ಇನ್ನೊಂದು ಪಾಠ.

ನಾವು ಏನು ಮಾಡಬಹುದು

ಹೋರಾಟ ಎಂದೊಡನೆ ಬ್ಯಾನರ್, ಘೋಷಣೆ ನೆನಪಾಗುತ್ತದೆ. ನೀರಿನ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕಾಗದ ಮತ್ತು ಹಾಜರಿ.

ಮೊದಲನೆಯದು, ನೀರಿನ ಪರೀಕ್ಷೆ. ಜಲಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಆ ಐವರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳೂ ಇರಲಿ. ಫ್ಲೋರೈಡ್, ನೈಟ್ರೇಟ್ ಎರಡನ್ನೂ ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಎಳೆಗೂಸಿಗೆ ಹಾಲಿನ ಪುಡಿ ಕಲಸಿಕೊಡುವುದು ಅಪಾಯ. ಕರಿ ಬಣ್ಣಕ್ಕೆ ತಿರುಗುವ ಹೈಡ್ರೋಜನ್ ಸಲ್ಫೈಡ್ ಸೀಸೆ ನೀರಿನಲ್ಲಿ ಮಲದ ರೋಗಾಣು ಇರುವ ಸುಳಿವು ಕೊಡುತ್ತದೆ. ವರದಿಯನ್ನು ಜುಮಾ ನಂತರ ಮಸೀದಿಯ ನೋಟಿಸ್ ಬೋರ್ಡಿಗೆ ಹಚ್ಚಿ. ಎಲ್ಲರೂ ಓದಲಿ.

ಎರಡನೆಯದು, ಅಹವಾಲು ಸಭೆ. ದೊಡ್ಡ ಗಣಿ, ಕಾರ್ಖಾನೆ ಬರುವ ಮುನ್ನ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ನಡೆಯಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳಲ್ಲಿ ಓದಲು ಸಿಗಬೇಕು. ಸಭೆಗೆ ಹೋಗಲಾಗದವರು ಮಂಡಳಿಗೆ ಬರೆದು ಕೊಡಬಹುದು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಕೇಳಬೇಕಾದ ಪ್ರಶ್ನೆಗಳು ಸರಳ. ಯಾವ ಹಳ್ಳ ಇಲ್ಲಿ ಹರಿಯುತ್ತದೆ? ಅದು ಯಾವ ಕೆರೆಗೆ ಹೋಗುತ್ತದೆ? ಆ ನೀರನ್ನು ಯಾರು ಕುಡಿಯುತ್ತಾರೆ? ಹೂಳು ತಡೆಯುವವರು ಯಾರು, ವರ್ಷಕ್ಕೆ ಎಷ್ಟು ಸಲ ನೀರು ಪರೀಕ್ಷೆ? ಆರೋಗ್ಯದ ಮಾತನ್ನು ಯಾರಾದರೂ ಒಬ್ಬರು ಎದ್ದು ಹೇಳಲೇಬೇಕು. ಊರಿನ ವೈದ್ಯರನ್ನು, ಆಶಾ ಕಾರ್ಯಕರ್ತೆಯನ್ನು ಒತ್ತಾಯಿಸಿ ಕರೆದೊಯ್ಯಿರಿ. ನನ್ನಂತೆ ತಪ್ಪಿಸಿಕೊಳ್ಳಲು ಬಿಡಬೇಡಿ.

ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳಿಗೆ ಸಾಮಾನ್ಯವಾಗಿ ಈ ಸಭೆ ಇರುವುದಿಲ್ಲ. ಅಂಥಲ್ಲಿ ಗ್ರಾಮಸಭೆಯೇ ನಮ್ಮ ವೇದಿಕೆ. ಹಳ್ಳದ ಹೆಸರು, ಸರ್ವೆ ನಂಬರ್ ಬರೆದು ನಿರ್ಣಯ ಮಾಡಿಸಿ, ನಕಲು ಪಡೆಯಿರಿ.

ಮೂರನೆಯದು, ಕಾನೂನಿನ ಅರಿವು. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿದೆ. 1974ರ ಜಲ ಕಾಯ್ದೆಯ 24ನೇ ಕಲಂ ಹೊಳೆ, ಬಾವಿಗಳಿಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ದೂರಿನೊಂದಿಗೆ ದಿನಾಂಕವಿರುವ ಫೋಟೊ, ನೀರಿನ ವರದಿ, ಹತ್ತು ಮನೆಯವರ ಸಹಿ ಇದ್ದರೆ ಅದರ ತೂಕವೇ ಬೇರೆ. ಆ ಹತ್ತರಲ್ಲಿ ಎಲ್ಲ ಜಾತಿ, ಎಲ್ಲ ಮತದವರಿರಲಿ. ಫ್ಲೋರೈಡ್ ಯಾರ ಧರ್ಮವನ್ನೂ ಕೇಳುವುದಿಲ್ಲ.

ನಾಲ್ಕನೆಯದು, ನಮ್ಮ ಅಂಗಳ. ಬೇರೆಯವರ ಕಡೆ ಬೆರಳು ತೋರುವ ಮೊದಲು ಬಕ್ರೀದ್‌ನ ಮರುದಿನ ನಮ್ಮ ಮೊಹಲ್ಲಾದ ರಾಜಕಾಲುವೆ ನೋಡೋಣ. ಕುರ್ಬಾನಿಯ ಕರುಳು, ರಕ್ತ, ಚರ್ಮದ ಚೂರು ಚರಂಡಿಗೆ ಹೋದರೆ ಅದು ಸೇರುವುದು ಯಾವುದೋ ಕೆರೆಗೆ, ಯಾರದ್ದೋ ಕೊಡಕ್ಕೆ. ಜಮಾಅತ್ ಮುಂಚೆಯೇ ಗುಂಡಿ ತೋಡಿಸಿ ಹೂಳುವ, ನಗರಸಭೆಯ ಗಾಡಿ ಕರೆಸುವ ವ್ಯವಸ್ಥೆ ಮಾಡಲಿ. ವಲೀಮಾದ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೂ ಇದೇ ಮಾತು. ಮಸೀದಿಯ ವುಝೂ ನೀರಿಗೆ ಸಾಬೂನು ಸೇರುವುದಿಲ್ಲ. ಅದನ್ನು ಚರಂಡಿಗೆ ಬಿಡದೆ ಜಲ್ಲಿ ಮರಳಿನ ಇಂಗುಗುಂಡಿಗೆ ಅಥವಾ ಗಿಡಗಳಿಗೆ ಹರಿಸಬಹುದು. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಮ್ಮ ನಲ್ಲಿಗಳಿಂದ ಎಷ್ಟು ಹರಿಯುತ್ತದೆ ಎಂದು ಒಮ್ಮೆ ಬಕೆಟ್ ಇಟ್ಟು ನೋಡಿ.

ಅಡುಗೆಮನೆಗೆ ಕೆಲವು ಮಾತು

ಹಳ್ಳ ಉಳಿಸುವ ಕೆಲಸ ವರ್ಷಗಳದ್ದು. ಅಲ್ಲಿಯವರೆಗೆ ಮಕ್ಕಳ ಹಲ್ಲು, ಹಿರಿಯರ ಮೂಳೆಯನ್ನು ಮನೆಯಲ್ಲಿಯೇ ಕಾಯಬೇಕು.

ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಬಹಳ ಹೊತ್ತು ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್ ಇವೂ ಅದಕ್ಕೆ ಸಾಲದು. ಊರಿನ ಶುದ್ಧ ನೀರಿನ ಘಟಕದ ನೀರು ಅಥವಾ ಪರೀಕ್ಷಿಸಿದ ಮಳೆನೀರು ಬಳಸಿ. ಘಟಕದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಿ. ಪೊರೆ ಹಳತಾದರೆ ಘಟಕ ಇದ್ದೂ ಇಲ್ಲದಂತೆ. ಘಟಕದಿಂದ ಹೊರಬೀಳುವ ಗಾಢ ನೀರು ಬಾವಿ, ಕೆರೆಗೆ ಮರಳಿ ಸೇರದಂತೆ ನೋಡಿಕೊಳ್ಳಿ.

ಅನೇಕ ಮನೆಗಳಲ್ಲಿ ಕುಡಿಯಲು ಘಟಕದ ನೀರು, ಅನ್ನ ಸಾರಿಗೆ ಬೋರ್ ನೀರು. ಇದು ದೊಡ್ಡ ತಪ್ಪು. ಅಕ್ಕಿ, ಬೇಳೆ, ಚಹಾದ ಮೂಲಕ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಅಡುಗೆಗೂ ಸುರಕ್ಷಿತ ನೀರನ್ನೇ ಬಳಸಿ. ಹಾಲಿಲ್ಲದ ಕಡು ಚಹಾ, ಅಡಿಕೆ, ಕಾಲಾ ನಮಕ್ ಇವುಗಳಲ್ಲಿಯೂ ಫ್ಲೋರೈಡ್ ಇದೆ. ಹಲ್ಲಿನ ಮಚ್ಚೆ ಇರುವ ಊರುಗಳಲ್ಲಿ ಮಕ್ಕಳಿಗೆ ಸುಲೈಮಾನಿ ಚಹಾ ಬೇಡ. ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ ಮನೆಯಲ್ಲಿರಲಿ. ಸುಣ್ಣದಂಶ ಮತ್ತು ಸಿ ಜೀವಸತ್ವ ಚೆನ್ನಾಗಿ ಸಿಗುವ ಶರೀರದಲ್ಲಿ ಕೇಡು ಕಡಿಮೆ. ಫ್ಲೋರೋಸಿಸ್ ತಡೆಗೆ ಕೇಂದ್ರ ಸರಕಾರದ ರಾಷ್ಟ್ರೀಯ ಕಾರ್ಯಕ್ರಮ 2008-09ರಿಂದ ಇದೆ. ಸಂಶಯವಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಮಳೆಗಾಲದ ಮೊದಲ ಕೆಂಪು ನೀರಿನ ದಿನಗಳಲ್ಲಿ ಭೇದಿ ಶುರುವಾದರೆ ಕಾಯಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು. ಎದೆಹಾಲು ನಿಲ್ಲಿಸಬೇಡಿ. ಮಗುವಿಗೆ ವೈದ್ಯರು ಹೇಳಿದಂತೆ 14 ದಿನ ಸತುವಿನ ಮಾತ್ರೆ ಕೊಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಭೇದಿ ಅಕ್ಕಿ ತೊಳೆದ ನೀರಿನಂತಾದರೆ ನನ್ನಂಥವರ ಕ್ಲಿನಿಕ್ಕಿಗೂ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಒಂದೇ ಬೀದಿಯಲ್ಲಿ ಮೂರು ಮನೆಯವರಿಗೆ ಭೇದಿ ಆದರೆ ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಒಂದು ಫೋನ್ ಕರೆ ಇಡೀ ಮೊಹಲ್ಲಾವನ್ನು ಉಳಿಸೀತು.

ಕೆಂಪು ನೀರಿನ ಬಾಟಲಿ ಈಗಲೂ ನನ್ನ ಕ್ಲಿನಿಕ್ಕಿನ ಕಪಾಟಿನಲ್ಲಿದೆ. ಮಣ್ಣು ಕೆಳಗೆ ಕೂತು ಮೇಲಿನ ನೀರು ತಿಳಿಯಾಗಿ ಕಾಣುತ್ತದೆ. ಬಂದವರು ಕೇಳಿದರೆ ಒಮ್ಮೆ ಅಲುಗಾಡಿಸಿ ತೋರಿಸುತ್ತೇನೆ. ನಿಮ್ಮ ಊರಿನ ಹತ್ತಿರ ಮುಂದಿನ ಅಹವಾಲು ಸಭೆಯ ಪ್ರಕಟಣೆ ಬಂದರೆ ಅದನ್ನು ಕತ್ತರಿಸಿ ನಿಮ್ಮ ವೈದ್ಯರ ಮೇಜಿನ ಮೇಲಿಡಿ. ದಿನಾಂಕದ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆದಿರಲಿ.